ವಾಪಸ್ ಕರೆದರು, ಕರೆ ಚಿಂಚಲಿಗೆ ಬರಲಿಲ್ಲ

ಭಾರತ ಹುಣ್ಣಿಮೆ ಬಂತೆಂದರೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಯಕ್ಕ ದೇವಿಯ ಜಾತ್ರೆಗೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ ಬರುತ್ತಾರೆ. ಹಿಂದೆ ಬರುತ್ತಿದ್ದುದು ಎತ್ತಿನ ಚಕ್ಕಡಿಗಳ ಸಾಲು. ಈಗ ಚಕ್ಕಡಿಗಳ ಜೊತೆಗೆ ಟ್ರ್ಯಾಕ್ಟರ್, ಟೆಂಪೊ, ಜೀಪು, ಕಾರುಗಳೂ ಬರುತ್ತವೆ. ಚಕ್ಕಡಿಯ ಗಾಲಿ ಬಿರಿದರೆ ಅದನ್ನು ಮಾಡಿಕೊಟ್ಟ ಬಡಿಗೇರನ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಅದೇ ಊರಿನಲ್ಲಿ ಬಾಳಬೇಕಾದ ಅವನು ಉತ್ತರ ಕೊಡಲೇಬೇಕಿತ್ತು. ಇಂದು ಸಾಲ ಸೋಲ ಮಾಡಿ ಕೊಳ್ಳುವ ಕಾರಿನ ಬಡಿಗೇರ ಎಲ್ಲಿದ್ದಾನೆ? ಅವನ ಬಾಗಿಲು ಯಾವುದು?

ಕಾರು ಕಂಪೆನಿಗಳು ತಾವು ಮಾರಿದ ವಾಹನದಲ್ಲಿ ದೋಷ ಕಂಡುಬಂದಾಗ ಅದನ್ನು ವಾಪಸ್ ಕರೆಸಿ ಉಚಿತವಾಗಿ ಸರಿಪಡಿಸಿ ಕೊಡುತ್ತವೆ. ಇದನ್ನು ರೀಕಾಲ್ ಎನ್ನುತ್ತಾರೆ. ಪತ್ರಿಕೆಗಳ ವಾಣಿಜ್ಯ ಪುಟದ ಮೂಲೆಯಲ್ಲಿ ಈ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. 2010ರಲ್ಲಿ ಮಾರುತಿ ಕಂಪೆನಿ ಇಂಧನ ಸೋರಿಕೆಯ ಕಾರಣಕ್ಕೆ ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿಕೊಂಡಿತು. 2023ರ ಜುಲೈಯಲ್ಲಿ ಅದೇ ಕಂಪೆನಿ ಸ್ಟೀರಿಂಗ್‌ನ ಟೈ ರಾಡ್‌ನಲ್ಲಿ ದೋಷವಿರಬಹುದೆಂದು 87,599 ಎಸ್-ಪ್ರೆಸೊ ಮತ್ತು ಈಕೊ ವಾಹನಗಳನ್ನು ಕರೆಯಿತು. 2022ರಲ್ಲಿ ವಿದ್ಯುತ್ ಸ್ಕೂಟರ್‌ಗಳು ನಿಂತಲ್ಲೇ ಹೊತ್ತಿ ಉರಿದಾಗ ಹಲವು ಕಂಪೆನಿಗಳು ಸಾವಿರಾರು ಸ್ಕೂಟರ್‌ಗಳನ್ನು ಹಿಂದಕ್ಕೆ ಪಡೆದವು.

ರೀಕಾಲ್ ಮಾಡುವುದೇ ಅಪರಾಧ ಎಂದು ನಾವು ಹೇಳುವುದಿಲ್ಲ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವವನು ಮುಚ್ಚಿಡುವವನಿಗಿಂತ ಎಷ್ಟೋ ಮೇಲು. ನಮ್ಮ ತಕರಾರು ಇರುವುದು ಬೇರೆ ಕಡೆ. ಈ ಕರೆ ಯಾರಿಗೆ ಮುಟ್ಟುತ್ತದೆ? ಯಾವಾಗ ಮುಟ್ಟುತ್ತದೆ? ಮುಟ್ಟದೇ ಹೋದರೆ ಹೊಣೆ ಯಾರದು?

ಚಿಂಚಲಿ, ಕುಡಚಿ, ರಾಯಬಾಗದ ಬೀದಿಗಳಲ್ಲಿ ನಿಂತು ನೋಡಿ. ಎಂ.ಎಚ್. ನಂಬರಿನ ಕಾರುಗಳು ಎಷ್ಟೆಂದು ಎಣಿಸಿ. ಹೊಸ ಕಾರು ಕೊಳ್ಳುವ ತಾಕತ್ತಿಲ್ಲದವರು ಮೀರಜ, ಸಾಂಗ್ಲಿ, ಕೊಲ್ಹಾಪುರ, ಪುಣೆಗೆ ಹೋಗಿ ಸೆಕೆಂಡ್ ಹ್ಯಾಂಡ್ ಗಾಡಿ ತರುತ್ತಾರೆ. ಕಬ್ಬಿನ ಬಿಲ್ಲು ಕೈಗೆ ಬಂದಾಗ ಒಂದು ಗಾಡಿ, ಮಗಳ ಮದುವೆಗೆ ಮುಂಚೆ ಒಂದು ಗಾಡಿ, ಬಾಡಿಗೆ ಹೊಡೆದು ಹೊಟ್ಟೆ ಹೊರೆಯಲು ಒಂದು ಗಾಡಿ. ನಮ್ಮ ಬಂಧುವೊಬ್ಬರು ಹೀಗೆಯೇ ತಂದ ಕಾರನ್ನು ಎರಡು ವರ್ಷ ಓಡಿಸಿದರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗೋವಾವರೆಗೂ ಹೋಗಿ ಬಂದರು. ಒಮ್ಮೆ ಬೆಳಗಾವಿಯಲ್ಲಿ ಗಾಡಿ ಕೆಟ್ಟು ಕಂಪೆನಿಯ ಸರ್ವೀಸ್ ಸೆಂಟರಿಗೆ ಒಯ್ದಾಗಲೇ ಅವರಿಗೆ ತಿಳಿದದ್ದು, ಆ ಕಾರಿನ ಏರ್‌ಬ್ಯಾಗ್ ಬದಲಿಸಬೇಕೆಂದು ಕಂಪೆನಿ ಯಾವತ್ತೋ ಪತ್ರ ಬರೆದಿತ್ತೆಂದು. ಪತ್ರ ಹೋದದ್ದು ಪುಣೆಯಲ್ಲಿದ್ದ ಮೊದಲ ಮಾಲೀಕನಿಗೆ. ಅವನು ಕಾರು ಮಾರಿ ಕೈ ತೊಳೆದುಕೊಂಡಿದ್ದ.

ಇದು ಸಣ್ಣ ಮಾತಲ್ಲ. ಏರ್‌ಬ್ಯಾಗ್ ಎಂದರೆ ಜೀವ ಉಳಿಸುವ ಚೀಲ. ಆದರೆ ಜಪಾನಿನ ತಕಾಟ ಕಂಪೆನಿ ತಯಾರಿಸಿದ ಏರ್‌ಬ್ಯಾಗ್‌ಗಳು ಜೀವ ತೆಗೆದವು. ಅವುಗಳನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಾಂಶಕ್ಕೆ ಸಿಕ್ಕಿ ಕೆಟ್ಟು, ಅಪಘಾತವಾದಾಗ ಬಾಂಬಿನಂತೆ ಸಿಡಿದು ಲೋಹದ ಚೂರುಗಳನ್ನು ಕುಳಿತವರ ಕುತ್ತಿಗೆ, ಮುಖಕ್ಕೆ ಎರಚಿತು. ಜಗತ್ತಿನಾದ್ಯಂತ ಸುಮಾರು ಹತ್ತು ಕೋಟಿ ಏರ್‌ಬ್ಯಾಗ್‌ಗಳನ್ನು ಬದಲಿಸಬೇಕಾಯಿತು. ಕಂಪೆನಿ 2017ರಲ್ಲಿ ದಿವಾಳಿಯಾಯಿತು. ಇಂತಹ ದೋಷ ಗಾಡಿ ಹಳೆಯದಾದಷ್ಟೂ ಹೆಚ್ಚು ಅಪಾಯಕಾರಿ ಎಂಬುದನ್ನು ಓದುಗರು ಗಮನಿಸಬೇಕು.

ಈಗ ನಮ್ಮ ಕಾನೂನಿನ ಕಡೆ ನೋಡೋಣ. 2012ರವರೆಗೆ ನಮ್ಮಲ್ಲಿ ರೀಕಾಲ್‌ಗೆ ಒಂದು ಪದ್ಧತಿಯೂ ಇರಲಿಲ್ಲ. ಆ ವರ್ಷ ತಯಾರಕರ ಸಂಘ ತಾನೇ ಒಂದು ಸ್ವಯಂಪ್ರೇರಿತ ನಿಯಮಾವಳಿ ಮಾಡಿಕೊಂಡಿತು. ಮನಸ್ಸಿದ್ದರೆ ಕರೆಯಬಹುದು, ಇಲ್ಲದಿದ್ದರೆ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ಕೊನೆಗೂ ಸರಕಾರಕ್ಕೆ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿತು. ಇದು ಸ್ವಾಗತಾರ್ಹ ಹೆಜ್ಜೆಯೇ. ಆದರೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳನ್ನು ಓದಿದರೆ ಬೆಲ್ಲದೊಳಗಿನ ಕಲ್ಲು ಸಿಗುತ್ತದೆ. ಈ ನಿಯಮಗಳು ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ! ನಗರದವನು ಐದಾರು ವರ್ಷ ಓಡಿಸಿ ಬೇಸರವಾಗಿ ಮಾರಿದ ಮೇಲೆ ತಾನೇ ಕಾರು ಚಿಂಚಲಿಗೆ ಬರುವುದು? ನಮ್ಮ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಕಾನೂನಿನ ರಕ್ಷಣೆ ಮುಗಿದಿರುತ್ತದೆ. ಅಮೆರಿಕದಲ್ಲಿ ಮೊದಲ ಮಾರಾಟದಿಂದ ಹದಿನೈದು ವರ್ಷದವರೆಗೆ ದೋಷವನ್ನು ಕಂಪೆನಿ ಪುಕ್ಕಟೆಯಾಗಿ ಸರಿಪಡಿಸಬೇಕು. ಅಲ್ಲಿನವರ ಜೀವಕ್ಕೆ ಹದಿನೈದು ವರ್ಷದ ಬೆಲೆ, ನಮ್ಮ ಜೀವಕ್ಕೆ ಏಳು ವರ್ಷದ ಬೆಲೆಯೇ?

ದಂಡದ ಕಥೆಯೂ ಅಷ್ಟೇ. ಕಡ್ಡಾಯ ರೀಕಾಲ್‌ಗೆ ಗುರಿಯಾದ ಕಂಪೆನಿಗೆ ನಮ್ಮ ನಿಯಮದಂತೆ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ತಾನಾಗಿಯೇ ಜಾರಿ, ಓಡುವಾಗಲೇ ಎಂಜಿನ್ ನಿಂತು, ಏರ್‌ಬ್ಯಾಗ್ ತೆರೆಯದೆ 124 ಜನ ಸತ್ತರು. ಕಂಪೆನಿಯ ಒಳಗಿನವರಿಗೆ ಈ ದೋಷ ವರ್ಷಗಳಿಂದ ಗೊತ್ತಿತ್ತು. ಕಾರುಗಳನ್ನು ಕರೆಸಿಕೊಂಡದ್ದು 2014ರಲ್ಲಿ. ಮರುವರ್ಷ ಅದು ಕಟ್ಟಬೇಕಾಗಿ ಬಂದ ಮೊತ್ತ 90 ಕೋಟಿ ಡಾಲರ್. ಒಂದು ಕೋಟಿ ರೂಪಾಯಿ ಅಂತಹ ಕಂಪೆನಿಗೆ ಒಂದು ದಿನದ ಜಾಹೀರಾತಿನ ಖರ್ಚು.

ವಿಶ್ವಾಸ ಕುಸಿಯಲು ಇನ್ನೂ ಕಾರಣಗಳಿವೆ. ನಮ್ಮ ಕಡೆ ಬಾಡಿಗೆ ಗಾಡಿಯೆಂದು ಮನೆಮಾತಾಗಿದ್ದ ತವೇರಾವನ್ನು 2013ರಲ್ಲಿ 1.14 ಲಕ್ಷ ಸಂಖ್ಯೆಯಲ್ಲಿ ವಾಪಸ್ ಕರೆಯಲಾಯಿತು. ತನ್ನ ನೌಕರರೇ ಪರೀಕ್ಷೆಯ ನಿಯಮಗಳನ್ನು ಮೀರಿದ್ದಾರೆಂದು ಕಂಪೆನಿಯೇ ಹೇಳಬೇಕಾಗಿ ಬಂತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅವುಗಳಲ್ಲಿ ಒಂದಾದ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಸಿಕ್ಕಿತು. ಅಂದರೆ ವಿದ್ಯೆ ಇತ್ತು, ಸಾಮಗ್ರಿಯೂ ಇತ್ತು. ಇಲ್ಲದಿದ್ದುದು ನಮಗೆ ಕೊಡುವ ಮನಸ್ಸು. ಭಾರತದ್ದೇ ಆದ ನಕ್ಷತ್ರ ಪರೀಕ್ಷೆ ಶುರುವಾಗಲು 2023 ಬರಬೇಕಾಯಿತು. ಅದೂ ಕಂಪೆನಿಗಳ ಇಚ್ಛೆಗೆ ಬಿಟ್ಟದ್ದು.

ಇಷ್ಟೆಲ್ಲ ಇದ್ದರೂ ಅಪಘಾತವಾದಾಗ ನಮ್ಮಲ್ಲಿ ಬರೆಯುವ ಷರಾ ಒಂದೇ: ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬ್‌ನಗರದ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸುಟ್ಟು ಹೋದರು. ಎರಡು ವಾರ ಕಳೆದು, ನವೆಂಬರ್ 14ರಂದು ಬೆಂಗಳೂರಿನಿಂದ ಮುಂಬಯಿಗೆ ಹೊರಟ ಅದೇ ತಯಾರಕರ ಬಸ್ಸು ಹಾವೇರಿ ಬಳಿ ಉರಿದು ಏಳು ಜನ ಸತ್ತರು. ಇದು ನಿಪ್ಪಾಣಿಯನ್ನು ಹಾದು ಹೋಗುವ ಹೆದ್ದಾರಿ. ನಮ್ಮ ಭಾಗದ ಜನ ರಾತ್ರಿ ಬಸ್ಸು ಹತ್ತುವ ದಾರಿ. ಚಾಲಕನ ತಪ್ಪು ಇದ್ದಿರಬಹುದು. ಆದರೆ ಬಡಿದ ಕೂಡಲೇ ಬೆಂಕಿ ಹತ್ತಿದ್ದೇಕೆ, ಮಲಗಿದ್ದವರು ಹೊರಬರಲು ದಾರಿ ಸಾಲದ್ದೇಕೆ ಎಂಬ ಪ್ರಶ್ನೆಗೆ ಚಾಲಕ ಉತ್ತರ ಕೊಡಬೇಕೇ? ಡ್ರೈವಿಂಗ್ ಲೈಸೆನ್ಸ್ ಒಂದನ್ನೇ ನಂಬಿ ಬದುಕುವ ಯುವಕರು ನಮ್ಮ ಓಣಿಗಳಲ್ಲಿ ಬಹಳ ಮಂದಿ. ಅಪಘಾತದ ಮರುದಿನ ಠಾಣೆಯಲ್ಲಿ ಕೂರುವವನು ಅವನು. ಗಾಡಿಯ ನಕ್ಷೆ ಬರೆದವನ ಹೆಸರು ಎಲ್ಲಿಯೂ ಬರುವುದಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರೆಲ್ಲ ಗಾಡಿಯ ದೋಷದಿಂದ ಸತ್ತರೆಂದು ನಾವು ಹೇಳುತ್ತಿಲ್ಲ. ಎಷ್ಟು ಮಂದಿ ಹಾಗೆ ಸತ್ತರು ಎಂದು ಯಾರೂ ಪ್ರಾಮಾಣಿಕವಾಗಿ ಹುಡುಕುತ್ತಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು ದುಬಾರಿಯವಲ್ಲ. ಏಳು ವರ್ಷದ ಗಡಿ ತೆಗೆಯಿರಿ. ಹಳೆಯ ವಾಹನದ ಮಾಲೀಕತ್ವ ಬದಲಾಗುವಾಗ, ಬಾಕಿ ರೀಕಾಲ್ ಇದೆಯೇ ಎಂದು ನೋಡುವುದನ್ನು ಚಿಕ್ಕೋಡಿಯ ಆರ್‌ಟಿಒ ಸೇರಿದಂತೆ ಎಲ್ಲ ಕಚೇರಿಗಳಲ್ಲಿ ಕಡ್ಡಾಯ ಮಾಡಿರಿ. ಜರ್ಮನಿಯಲ್ಲಿ ಗಂಭೀರ ದೋಷ ಸರಿಪಡಿಸದ ವಾಹನದ ನೋಂದಣಿಯನ್ನೇ ರದ್ದು ಮಾಡುವ ಅಧಿಕಾರ ಸರಕಾರಕ್ಕಿದೆ. ರೀಕಾಲ್ ಸುದ್ದಿಯನ್ನು ಕನ್ನಡದಲ್ಲಿ, ಜನ ಓದುವ ಪುಟದಲ್ಲಿ ಪ್ರಕಟಿಸಿರಿ. ಮಾರುವಾಗ ಇಡೀ ಪುಟದ ಜಾಹೀರಾತು ಕೊಡುವವರಿಗೆ ತಪ್ಪು ತಿಳಿಸಲು ಕಾಲು ಪುಟ ಸಿಗದೇ?

ಸೆಕೆಂಡ್ ಹ್ಯಾಂಡ್ ಗಾಡಿ ತಂದಿರುವ ಓದುಗರಲ್ಲಿ ನಮ್ಮದೊಂದು ವಿನಂತಿ. ಗಾಡಿಯನ್ನು ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹಿಡಿದು ಕಂಪೆನಿಯ ಸರ್ವೀಸ್ ಸೆಂಟರಿನಲ್ಲಿ ಒಮ್ಮೆ ವಿಚಾರಿಸಿ. ಕೇಳುವುದಕ್ಕೆ ಕಾಸು ಖರ್ಚಿಲ್ಲ. ಬಡಿಗೇರ ಇಂದು ನಮ್ಮ ಊರಿನಲ್ಲಿಲ್ಲ ನಿಜ. ಹಾಗೆಂದು ಅವನ ಬಾಗಿಲು ತಟ್ಟುವ ಹಕ್ಕನ್ನು ನಾವು ಯಾಕೆ ಬಿಟ್ಟುಕೊಡಬೇಕು?