ಸೊನ್ನೆಯಿಂದ ಆರಂಭವಾಗದ ಸ್ತಂಭ

ಕಳೆದ ತಿಂಗಳು ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಕಾಸರಗೋಡಿನ ನನ್ನ ಕಚೇರಿಗೆ ಬಂದಿದ್ದರು. ಸಂಗಡ ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಕೈಯಲ್ಲಿ ಒಂದು ಕಂಪೆನಿಯ ವಾರ್ಷಿಕ ವರದಿ: ನುಣುಪು ಕಾಗದ, ಪುಟ ತುಂಬ ಸೂರ್ಯೋದಯ, ಅಂಗೈಯಗಲದ ಅಕ್ಷರಗಳು. ನಿವೃತ್ತಿಯ ಹಣದ ಬಹುಪಾಲನ್ನು ಆ ಕಂಪೆನಿಯ ಷೇರುಗಳಲ್ಲಿ ತೊಡಗಿಸಬೇಕೆಂಬುದು ಅವರ ಇಚ್ಛೆ. "ಆದಾಯ ಒಂದೇ ವರ್ಷದಲ್ಲಿ ಇಮ್ಮಡಿಯಾಗಿದೆ, ನೋಡಿ ವಕೀಲರೇ" ಎಂದು ಕಿತ್ತಳೆ ಬಣ್ಣದ ಎರಡು ಸ್ತಂಭಗಳನ್ನು ತೋರಿಸಿದರು.

ಮೊಮ್ಮಗಳು ಬಗ್ಗಿ ನೋಡಿ, "ಅಜ್ಜಾ, ಇದು ಸೊನ್ನೆಯಿಂದ ಆರಂಭವಾಗಿಲ್ಲವಲ್ಲ" ಎಂದಳು. ನಿಜ. ಸ್ತಂಭಗಳ ಬುಡದಲ್ಲಿದ್ದುದು 95 ಕೋಟಿ. ಒಂದರ ತುದಿ 100, ಇನ್ನೊಂದರದು 105. ಕಣ್ಣಿಗೆ ಇಮ್ಮಡಿ, ಲೆಕ್ಕಕ್ಕೆ ಶೇಕಡಾ 5.

ವಿನ್ಯಾಸವೇ ದೋಷವೆಂದು ನಾನು ಹೇಳುತ್ತಿಲ್ಲ. ಕ್ರೊವೇಷಿಯಾ ದೇಶದ ಆಹಾರ ಕಂಪೆನಿ ಪೊದ್ರಾವ್ಕಾ ತನ್ನ ಒಂದು ವಾರ್ಷಿಕ ವರದಿಯೊಳಗೆ ಪುಟ್ಟ ಪಾಕಪುಸ್ತಿಕೆಯನ್ನು ಇರಿಸಿತ್ತು. ಅದನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಲೆಯಲ್ಲಿ ಬೇಯಿಸಿದರೆ ಮಾತ್ರ ಅಕ್ಷರಗಳು ಮೂಡುತ್ತಿದ್ದವು. ಆದರೆ ಬೇಯಿಸಬೇಕಾದುದು ಪಾಕವಿಧಾನಗಳನ್ನಷ್ಟೇ. ಲೆಕ್ಕಪತ್ರಗಳು ಮುಖ್ಯ ಪುಸ್ತಕದಲ್ಲಿ ತೆರೆದೇ ಇದ್ದವು. ಧೈರ್ಯದ ವಿನ್ಯಾಸವೂ ಪ್ರಾಮಾಣಿಕವಾಗಿರಬಲ್ಲದು.

ಅಂಕಿಗಳೇ ಸುಳ್ಳಾಡುವುದೂ ಉಂಟು. ಸತ್ಯಂ ಕಂಪೆನಿಯ ಲೆಕ್ಕದಲ್ಲಿ ಇಲ್ಲದ 5,040 ಕೋಟಿ ರೂಪಾಯಿ ನಗದನ್ನು ತೋರಿಸಲಾಗಿತ್ತೆಂದು ಅದರ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಒಪ್ಪಿಕೊಂಡರು. ಆ ಬಳಿಕ ಬಂದ 2013ರ ಕಂಪೆನಿ ಕಾಯಿದೆಯ 447ನೆಯ ಕಲಮು ವಂಚನೆಗೆ 10 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. 129ನೆಯ ಕಲಮಿನಂತೆ ಹಣಕಾಸು ತಃಖ್ತೆಗಳು ಕಂಪೆನಿಯ ಸ್ಥಿತಿಯನ್ನು ನೈಜವಾಗಿ, ನ್ಯಾಯಯುತವಾಗಿ ತೋರಿಸಬೇಕು. ಆದರೆ ಸ್ತಂಭದ ಬುಡ ಎಲ್ಲಿರಬೇಕೆಂದು ಈ ಕಲಮುಗಳು ಹೇಳುವುದಿಲ್ಲ. ಅಧ್ಯಾಪಕರ ಕೈಯಲ್ಲಿದ್ದ ವರದಿಯ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಅದನ್ನು ನ್ಯಾಯಾಲಯದಲ್ಲಿ ಸುಳ್ಳೆಂದು ಸಾಧಿಸುವುದು ಸುಲಭವಲ್ಲ. ಸುಳ್ಳು ಅಂಕಿಗೆ ಕಾನೂನಿನ ಕಾವಲಿದೆ. ಮರುಳುಗೊಳಿಸುವ ಚಿತ್ರಕ್ಕೆ ಓದುಗನೇ ಕಾವಲು.

ಆದುದರಿಂದ ಇಂಥ ವರದಿ ನಿಮ್ಮ ಮನೆಗೆ ಬಂದರೆ ಹಿಂದಿನಿಂದ ಓದಿರಿ. ಮೊದಲು ಲೆಕ್ಕಪರಿಶೋಧಕರ ವರದಿ, ಅನಂತರ ನಗದು ಹರಿವಿನ ತಃಖ್ತೆ, ಬಳಿಕ ಸಣ್ಣ ಅಕ್ಷರದ ಟಿಪ್ಪಣಿಗಳು. ದಾವೆಗಳಲ್ಲಿ ಸೋತರೆ ತೆರಬೇಕಾದ ಮೊತ್ತವೆಷ್ಟು, ನಿರ್ದೇಶಕರ ಬಂಧುಗಳ ಸಂಸ್ಥೆಗಳೊಂದಿಗೆ ನಡೆದ ವ್ಯವಹಾರವೇನು ಎಂಬುದು ಅಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಮಹಾಸಭೆಗೆ 21 ದಿನ ಮೊದಲೇ ಷೇರುದಾರರಿಗೆ ಲೆಕ್ಕಪತ್ರಗಳು ತಲುಪಬೇಕೆಂದು 136ನೆಯ ಕಲಮು ಹೇಳುತ್ತದೆ. ಓದಲು ಅಷ್ಟು ಕಾಲ ಸಾಕು. ಇಂಗ್ಲಿಷು ತೊಡಕೆನಿಸಿದರೆ ಅಂಕಿಗಳನ್ನಾದರೂ ಮಕ್ಕಳೊಂದಿಗೆ ಕುಳಿತು ಪರಿಶೀಲಿಸಿರಿ.

ಆ ಹುಡುಗಿ ನನ್ನ ಮೇಜಿನ ಮೇಲಿದ್ದ ಹಾಳೆಯಲ್ಲಿ ಅದೇ ಸ್ತಂಭಗಳನ್ನು ಸೊನ್ನೆಯಿಂದ ಎಳೆದು ತೋರಿಸಿದಳು. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಅಧ್ಯಾಪಕರು ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಹಣ ಸದ್ಯ ಅಂಚೆ ಕಚೇರಿಯಲ್ಲೇ ಇರಲಿ. ಮೊದಲು ಹಿಂದಿನ ಪುಟಗಳನ್ನು ಓದುತ್ತೇನೆ" ಎಂದು ಎದ್ದರು.