ಎರಡು ಕೊಡ ನೀರು

ಪ್ರೇಮಕಥೆಯೆಂದೊಡನೆ ಮುಗುಳುನಗುವ, ಅದರಲ್ಲಿ ತುಸು ಮಾಯೆಯೂ ಬೆರೆತಿದೆಯೆಂದೊಡನೆ ಪುಸ್ತಕವನ್ನೇ ಮುಚ್ಚುವ ವಿದ್ವಾಂಸರು ನಮ್ಮಲ್ಲಿ ಕಡಮೆಯಿಲ್ಲ. ಸಾಹಿತ್ಯವು ಬದುಕಿನ ಕನ್ನಡಿಯಾಗಬೇಕು. ಹೆಣ್ಣು ಮರವಾಗುವುದು, ಗೋಡೆ ಮಾತನಾಡುವುದು ಆ ಕನ್ನಡಿಯಲ್ಲಿ ಕಾಣತಕ್ಕವಲ್ಲ ಎಂಬುದು ಅವರ ವಾದ. ಕೊನೆಯಲ್ಲಿ ಇಬ್ಬರೂ ಕೂಡಿ ಸುಖವಾಗಿದ್ದರೆಂಬ ಮಾತು ಬಂದರಂತೂ ಮುಗಿಯಿತು, ಆ ಕಥೆ ಮಕ್ಕಳ ಪಾಲಿಗೆ. ಈ ತೀರ್ಪು ಅವಸರದ್ದೆಂದು ನನ್ನ ನಂಬಿಕೆ.

ನಾನು ಪಾಠ ಹೇಳುವ ವಿಜಯಪುರದ ಕಾಲೇಜಿಗೆ ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿನಿಯರು ಅನೇಕರು. ದಾರಿಯಲ್ಲಿ ಅವರು ಮೊಬೈಲಿನಲ್ಲಿ ಓದುವುದು ಇಂಥ ಸಣ್ಣ ಕಥೆಗಳನ್ನೇ. ಕೆಲವರು ಬರೆಯುವುದೂ ಉಂಟು. ಅವರಲ್ಲೊಬ್ಬಳು ವಾರ್ಷಿಕ ಸಂಚಿಕೆಗೆಂದು ಎರಡು ಪುಟದ ಕಥೆ ಕೊಟ್ಟಳು. ಹೊಸದಾಗಿ ಬಂದ ಸೊಸೆ. ಹಿರಿಯರ ಮುಂದೆ ಬಾಯಿ ತೆರೆಯುವಂತಿಲ್ಲ. ಹಗಲೆಲ್ಲ ಅವಳು ನುಂಗಿಕೊಂಡ ಮಾತುಗಳನ್ನು ಹಿತ್ತಿಲ ಬಾವಿ ರಾತ್ರಿಯಲ್ಲಿ ಮೆಲ್ಲನೆ ನುಡಿಯುತ್ತದೆ. ನಿದ್ದೆ ಬಾರದೆ ಎದ್ದ ಗಂಡ ಅದನ್ನು ಕೇಳುತ್ತಾನೆ. ಏನೂ ಆಡುವುದಿಲ್ಲ, ಮರುದಿನ ನಸುಕಿನಲ್ಲಿ ಅವಳಿಗಿಂತ ಮೊದಲೆದ್ದು ತಾನೇ ನೀರು ಸೇದಿಡುತ್ತಾನೆ. ಅಷ್ಟೇ ಕಥೆ. ಸಂಚಿಕೆಯ ಸಮಿತಿಯ ಹಿರಿಯರೊಬ್ಬರು "ಬಾವಿ ಮಾತನಾಡುವುದುಂಟೆ?" ಎಂದು ಅದನ್ನು ಬದಿಗಿಟ್ಟರು. ಕಥೆ ಅಚ್ಚಾಗಲಿಲ್ಲ.

ಬೇರೆ ಊರಿನವರು ಹೀಗೆ ಕೇಳಿದ್ದರೆ ಸುಮ್ಮನಿರಬಹುದಿತ್ತು, ವಿಜಯಪುರದವರು ಕೇಳಬಾರದು. ಗೋಳಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತನ್ನು, ಸುಮಾರು 38 ಮೀಟರಿನಾಚೆ ಎದುರು ಗೋಡೆಗೆ ಕಿವಿಗೊಟ್ಟವರು ಸ್ಪಷ್ಟವಾಗಿ ಕೇಳುತ್ತಾರೆ. ದುಂಡುಗೋಡೆಯ ಮೈಗುಂಟ ದನಿ ಜಾರಿ ಸಾಗುತ್ತದೆಂದು ಭೌತಶಾಸ್ತ್ರವು ಕಾರಣ ಹೇಳುತ್ತದೆ. ಕಾರಣ ತಿಳಿದ ಮೇಲೂ ಕೇಳಿದವರ ಮುಖದ ಬೆರಗು ಮಾಸುವುದಿಲ್ಲ. ಎದುರಿಗೆ ನಿಂತು ಆಡಲಾಗದ ಮಾತು ಹೇಗಾದರೂ ತಲಪಲಿ ಎಂಬ ಆಸೆ ಮನುಷ್ಯನಲ್ಲಿ ಇರುವವರೆಗೆ ಬಾವಿಗಳು ಕಥೆಗಳಲ್ಲಿ ಮಾತನಾಡುತ್ತಲೇ ಇರುತ್ತವೆ.

ಹಾಗೆಂದು ಪ್ರೇಮಕಥೆಗಳೆಲ್ಲ ಒಂದೇ ಬೆಲೆಯವಲ್ಲ. ಅದೇ ಗುಮ್ಮಟದೊಳಗೆ, 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯ ಜೊತೆಗೆ ನರ್ತಕಿ ರಂಭೆಯದೆಂದು ತೋರಿಸುವ ಗೋರಿಯೂ ಇದೆ. ನಿನ್ನ ಒಲವು ನಿಜವೆ ಎಂದು ಸುಲ್ತಾನನು ಕೇಳಿದನಂತೆ; ಅವಳು ಮೇಲಿನಿಂದ ಧುಮುಕಿ ತೋರಿಸಿದಳಂತೆ. ಇದು ಇತಿಹಾಸವಲ್ಲ, ಜನರ ಬಾಯಲ್ಲಿ ಬೆಳೆದ ಕಥೆ. ಕೇಳಿದವರು ಮರುಗುತ್ತಾರೆ. ನನಗೆ ಮಾತ್ರ ಇದರಲ್ಲಿ ಪ್ರೇಮ ಕಾಣದು, ಕಾಣುವುದು ಪರೀಕ್ಷೆ. ಕೇಳಿದವನು ಕ್ಷೇಮವಾಗಿ ನಿಂತಿದ್ದಾನೆ, ಬಿದ್ದವಳು ಅವಳು.

ಇದರ ಪಕ್ಕದಲ್ಲಿ ಕನ್ನಡದ ಅಜ್ಜಿಯರು ಹೇಳುತ್ತ ಬಂದ, ಹೂಮರವಾಗುವ ಹುಡುಗಿಯ ಕಥೆಯನ್ನಿಟ್ಟು ನೋಡಿರಿ. ಹಿಂದೊಮ್ಮೆ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಇದನ್ನು ಇಂಗ್ಲಿಷಿಗೆ ತಂದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಅವರ ಕಥಾಸಂಗ್ರಹಕ್ಕೆ ಇದರ ಹೆಸರೇ ನಿಂತಿತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಚಿತ್ರವಾಗಿಸಿದರು. ಅಮೆರಿಕದ ಜಾನ್ ಆಡಮ್ಸ್ ರಚಿಸಿದ ಗೀತನಾಟಕವಾಗಿ 2006ರಲ್ಲಿ ಇದು ವಿಯೆನ್ನಾದ ರಂಗವನ್ನೂ ಏರಿತು.

ಕಥೆಯ ಮಾಯೆ ಬಲು ಸರಳ. ಉಗುರು ತಾಗದ ಒಂದು ಕೊಡ ನೀರು ಸುರಿದರೆ ಬಡವಿಯ ಮಗಳು ಹೂಮರವಾಗುತ್ತಾಳೆ. ಟೊಂಗೆ ಮುರಿಯದಂತೆ ಹೂ ಬಿಡಿಸಿ ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಮೊದಲು ತಾಯಿಯ ಕಷ್ಟಕ್ಕಾಗಿ ಮರವಾದವಳು ಮದುವೆಯಾದ ಮೇಲೆ ರಾಜಕುಮಾರನ ಹಟಕ್ಕಾಗಿ ಆಗುತ್ತಾಳೆ. ಗುಟ್ಟು ತಿಳಿದ ನಾದಿನಿ ಗೆಳತಿಯರೊಡನೆ ಕೂಡಿ ಟೊಂಗೆಗಳನ್ನು ಮುರಿದು, ನೀರನ್ನು ಹೇಗೋ ಚೆಲ್ಲಿ ಹೊರಟುಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಅವಳನ್ನು ಕಳಕೊಂಡು ಭಿಕಾರಿಯಾಗಿ ಅಲೆದ ಗಂಡ ಕಡೆಗೆ ಅವಳನ್ನು ಗುರುತಿಸಿ, ನೀರೆರೆದು, ಮುರಿದ ಟೊಂಗೆಯೊಂದೊಂದನ್ನೂ ತನ್ನ ಕೈಯಿಂದ ಕೂಡಿಸಿ, ಎರಡನೆಯ ಕೊಡವನ್ನು ಸುರಿಯುತ್ತಾನೆ.

ಗಮನಿಸಬೇಕಾದ ಅಂಶ ಇಲ್ಲಿದೆ. ಮಾಯೆ ಅವಳನ್ನು ತಾನಾಗಿ ಉಳಿಸಲಿಲ್ಲ. ಒರಟು ಕೈಗೆ ಸಿಕ್ಕಾಗ ಅದೇ ಮಾಯೆ ಅವಳನ್ನು ಕೆಡಿಸಿತು, ಜೋಪಾನದ ಕೈಗೆ ಸಿಕ್ಕಾಗ ಅದೇ ಅವಳನ್ನು ಮರಳಿ ಕೊಟ್ಟಿತು. ಕೊನೆಯ ಸುಖ ಪುಕ್ಕಟೆಯಾಗಿ ಬಂದದ್ದಲ್ಲ. ಹಟ ಮಾಡಿದವನೇ ದುಡಿದು ತೀರಿಸಿದ ಋಣ ಅದು. ಪವಾಡವೇ ಎಲ್ಲವನ್ನೂ ಮಾಡಿಕೊಟ್ಟರೆ ಪ್ರೇಮಕ್ಕೆ ಉಳಿಯುವ ಕೆಲಸವೇನು? ಉಂಗುರ ಉಜ್ಜಿದೊಡನೆ ಬಂಗಲೆ, ಮೋಟಾರು, ಮನಮೆಚ್ಚಿದ ವರ ಇಳಿದುಬರುವ ಕಥೆಗಳು ಈ ಕಾರಣದಿಂದಲೇ ಸಪ್ಪೆ. ಬಾವಿಯ ಕಥೆ ಹಾಗಲ್ಲ. ಬಾವಿ ನುಡಿದದ್ದು ಮಾಯೆ; ಕೇಳಿದವನು ಹಗ್ಗ ಹಿಡಿದದ್ದು ಪ್ರೇಮ.

ಹೆಣ್ಣುಮಕ್ಕಳ ಮಾತಿಗೆ ಸಾಹಿತ್ಯದಲ್ಲಿ ಮಣೆ ಹಾಕಿದ ಕೀರ್ತಿ ಈ ಜಿಲ್ಲೆಗೆ ಹಿಂದಿನಿಂದಲೂ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಹಾಡಿದವರು ಶಾಲೆ ಕಲಿತವರೆ, ಹಾಡಿನಲ್ಲಿ ಬಂದದ್ದು ನಡೆದದ್ದೆ ಎಂದು ಅವರು ವಿಚಾರಣೆಗೆ ಕೂಡಲಿಲ್ಲ. ಕಿವಿಗೊಟ್ಟರು, ಬರೆದುಕೊಂಡರು. ಬೀಸುಕಲ್ಲು ಮೂಲೆ ಸೇರಿದ ಈ ಕಾಲದಲ್ಲಿ ಅವರ ಮೊಮ್ಮಕ್ಕಳು ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದಾರೆ. ಆ ಬರಹದಲ್ಲಿ ಕಾಗುಣಿತದ ತಪ್ಪಿದ್ದರೆ ತಿದ್ದೋಣ, ಮಾತು ಸಡಿಲವಾಗಿದ್ದರೆ ಬಿಗಿ ಮಾಡಿಸೋಣ. ಅದು ಅಧ್ಯಾಪಕರ ಕೆಲಸ. ಬಾವಿಯ ಬಾಯಿ ಮುಚ್ಚಿಸುವುದು ನಮ್ಮ ಕೆಲಸವಲ್ಲ.

ಮದುವೆಯ ಮಾತುಕತೆಯಲ್ಲಿ ತನ್ನ ಇಷ್ಟವನ್ನು ಹೇಳಲು ಸಂದು ಸಿಗದ ಹುಡುಗಿಗೆ ತನ್ನ ಗಂಡ ಎಂಥವನಿರಬೇಕೆಂದು ಹೇಳಲು ಆ ಎರಡು ಪುಟವಷ್ಟೇ ಜಾಗ. ಮುಂದಿನ ಸಂಚಿಕೆಯಲ್ಲಿ ಅದನ್ನು ಕೊಡುವ ಔದಾರ್ಯವನ್ನು ಸಂಪಾದಕ ಸಮಿತಿಗಳು ತೋರಲಿ. ಅಚ್ಚಾದ ಕಥೆಯನ್ನು ತರಗತಿಯ ಹುಡುಗರೂ ಓದುತ್ತಾರೆ. ಅವರಲ್ಲೊಬ್ಬನು ನಾಳೆ ನಸುಕಿನಲ್ಲೆದ್ದು ಕೊಡ ಹಿಡಿದರೆ, ಕಥೆ ಸುಳ್ಳೆಂದು ಹೇಳುವವರು ಯಾರು?