ಬಣ್ಣಕ್ಕೂ ಮೊದಲು ಅಳತೆ

ಚೆನ್ನೈನ ಪುದುಪೇಟೆ, ಮುಂಬೈ ಕುರ್ಲಾದ ಸಿಎಸ್‌ಟಿ ರಸ್ತೆ, ದೆಹಲಿಯ ಕರೋಲ್ ಬಾಗ್. ಬೈಕಿನ ಹುಚ್ಚಿದ್ದವರಿಗೆ ಈ ಬೀದಿಗಳನ್ನು ಪರಿಚಯಿಸಬೇಕಿಲ್ಲ. ಹಳೆಯ ಅಲಾಯ್ ಚಕ್ರಗಳು ಇಲ್ಲಿ ಹೊಸ ಬಣ್ಣ ಬಳಿದುಕೊಂಡು ಗಿರಾಕಿಗಾಗಿ ಕಾಯುತ್ತಿರುತ್ತವೆ. ಯಾವ ಬೈಕಿನಿಂದ ಬಂದವು, ಆ ಬೈಕು ಎಲ್ಲಿ ಬಿದ್ದಿತ್ತು ಎಂದು ಕೇಳಿದರೆ ಸಿಗುವುದು ಬೆಲೆ ಮಾತ್ರ.

ಇವುಗಳ ಗಿರಾಕಿಗಳಲ್ಲಿ ಟ್ರ್ಯಾಕ್ ಸವಾರರೂ ಇದ್ದಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ಗಳಿಗೆ ಸ್ವಂತ ದುಡ್ಡಿನಲ್ಲಿ ಬೈಕು ಹೊತ್ತೊಯ್ಯುವವರು ಇವರು. ಟ್ರ್ಯಾಕಿನಲ್ಲಿ ಬೀಳುವುದು ಮಾಮೂಲು, ಟೈರು ಬೇಗ ಸವೆಯುತ್ತದೆ. ಹಾಗಾಗಿ ಇನ್ನೊಂದು ಜೊತೆ ಚಕ್ರ ಇಟ್ಟುಕೊಳ್ಳುವುದು ಜಾಣತನ. ಅದನ್ನು ಹೊಸದಾಗಿ ಕೊಳ್ಳುವಷ್ಟು ದುಡ್ಡು ಎಲ್ಲರ ಬಳಿ ಇರುವುದಿಲ್ಲ. ಹಳೆಯದನ್ನು ಸರಿಮಾಡಿ ಬಳಸುವುದರಲ್ಲಿ ನನಗೇನೂ ತಕರಾರಿಲ್ಲ. ಆದರೆ ನಮ್ಮಲ್ಲಿ ‘ಸರಿಮಾಡುವುದು’ ಎಂದರೆ ಬಣ್ಣ ಬಳಿಯುವುದು ಎಂದಾಗಿಬಿಟ್ಟಿದೆ, ನನ್ನ ಜಗಳ ಅದರೊಂದಿಗೆ. ಅಳತೆ ಮೊದಲು, ಬಣ್ಣ ಕೊನೆಗೆ. ಅಳತೆಯಲ್ಲಿ ಸೋತ ಚಕ್ರಕ್ಕೆ ಬಣ್ಣ ಬಳಿಯುವುದು ಮೋಸ.

ಯಾಕಿಷ್ಟು ಕಟುವಾದ ಮಾತು ಎಂದರೆ, ಒಂದು ಸಣ್ಣ ಲೆಕ್ಕ ನೋಡಿ. ಬೈಕು ಮತ್ತು ಸವಾರ ಸೇರಿ 270 ಕಿಲೋ ಎಂದುಕೊಳ್ಳಿ. ಗಂಟೆಗೆ 120 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 150 ಕಿಲೋಜೂಲ್. ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಇಷ್ಟು ಶಾಖ ಸಾಕು. ಅಷ್ಟೂ ಕೆಲವೇ ಸೆಕೆಂಡಿನಲ್ಲಿ, ಬಹುಪಾಲು ಮುಂದಿನ ಡಿಸ್ಕ್ ಪ್ಲೇಟಿನ ಮೇಲೆ. ವೇಗ ಅರವತ್ತೇ ಆಗಿದ್ದರೆ ಇದರ ಕಾಲುಭಾಗ. ಪೇಟೆಯಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಪ್ಲೇಟು ಟ್ರ್ಯಾಕಿನ ಮೂರನೇ ಸುತ್ತಿಗೆ ಕೈಕೊಡುವುದು ಇದೇ ಕಾರಣಕ್ಕೆ.

ಮೊದಲು ಡಿಸ್ಕ್ ವಿಚಾರ. ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಪ್ಲೇಟಿನ ಮೇಲೆಯೇ ಕೆತ್ತಿರುತ್ತಾರೆ. ಹೊಸದರಲ್ಲಿ 5 ಮಿ.ಮೀ. ಇರುವ ಪ್ಲೇಟಿಗೆ 4.5 ಕೊನೆಯ ಮಿತಿ ಎಂದಿರಬಹುದು. ಅರ್ಧ ಮಿಲಿಮೀಟರು ಕಣ್ಣಿಗೆ ಏನೂ ಅಲ್ಲ. ಆದರೆ ಲೋಹ ಕಡಿಮೆಯಾದಷ್ಟೂ ಅದೇ ಶಾಖಕ್ಕೆ ಪ್ಲೇಟು ಹೆಚ್ಚು ಬಿಸಿಯಾಗುತ್ತದೆ, ಸೊಟ್ಟಗಾಗುತ್ತದೆ. ಶಾಖ ಕ್ಯಾಲಿಪರಿಗೆ ದಾಟಿ ಬ್ರೇಕ್ ಆಯಿಲ್ ಕುದಿಯತೊಡಗಿದರೆ ಲಿವರು ಮೆತ್ತಗಾಗಿ ಹ್ಯಾಂಡಲ್ಲಿಗೆ ತಾಕುತ್ತದೆ. ಆಗ ಸವಾರನ ಕೈಯಲ್ಲಿ ಉಳಿಯುವುದು ದೇವರ ಹೆಸರು ಮಾತ್ರ.

ಅಳೆಯುವುದರಲ್ಲೂ ಒಂದು ಮರ್ಮವಿದೆ. ಪ್ಯಾಡು ಉಜ್ಜುವ ಜಾಗ ಸವೆದು, ಹೊರ ಅಂಚಿನಲ್ಲಿ ಸಣ್ಣ ದಿಬ್ಬ ಉಳಿದಿರುತ್ತದೆ. ವರ್ನಿಯರ್ ಹಿಡಿದರೆ ಅದು ಆ ದಿಬ್ಬವನ್ನೇ ಅಳೆದು ‘ಚೆನ್ನಾಗಿದೆ’ ಎನ್ನುತ್ತದೆ. ಮೈಕ್ರೋಮೀಟರಿನಿಂದ, ಸವೆದ ಜಾಗದಲ್ಲಿ, ಸುತ್ತ ಐದಾರು ಕಡೆ ಅಳೆಯಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ಎಷ್ಟು ಓಲಾಡುತ್ತದೆ ನೋಡಬೇಕು. ಕೈಪಿಡಿಗಳು ಒಪ್ಪುವ ಓಲಾಟ ಮಿಲಿಮೀಟರಿನ ಒಂದು ಸಣ್ಣ ಪಾಲು ಮಾತ್ರ. ಗ್ರೈಂಡಿಂಗ್ ಮಾಡಿಸಿ ಮೇಲ್ಮೈ ಸಮ ಮಾಡಿಸಬಹುದು, ಆದರೆ ಆ ಕೆಲಸ ಮುಗಿದ ಮೇಲೂ ದಪ್ಪ ಮಿತಿಗಿಂತ ಮೇಲಿರಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ಬ್ರೇಕು ತೆಳು ಮಾಡಿಸಿಕೊಂಡ ಹಾಗೆ.

ಚಕ್ರದ ಕಥೆ ಇನ್ನೂ ಸೂಕ್ಷ್ಮ. ಕಡ್ಡಿ ಚಕ್ರವಾದರೆ ಕಡ್ಡಿಗಳನ್ನು ಬಿಗಿದು ಸಡಿಲಿಸಿ ಓಟ ಸರಿಪಡಿಸುವುದು ಹಳೆಯ, ನಂಬಿಕೆಯ ವಿದ್ಯೆ. ಅಚ್ಚು ಹೊಯ್ದ ಅಲ್ಯೂಮಿನಿಯಂ ಚಕ್ರ ಹಾಗಲ್ಲ. ಅದರ ಬಲದಲ್ಲಿ ದೊಡ್ಡ ಪಾಲು ಕಾರ್ಖಾನೆಯಲ್ಲಿ ಕೊಟ್ಟ ಶಾಖ ಸಂಸ್ಕಾರದಿಂದ ಬಂದದ್ದು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಬಡಿದು ‘ಬೆಂಡ್ ತೆಗೆದರೆ’ ಆ ಜಾಗದ ಬಲ ಹೋಗುತ್ತದೆ. ಕಬ್ಬಿಣ ಕಾದರೆ ಕೆಂಪಗಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂಗೆ ಆ ಸೌಜನ್ಯವಿಲ್ಲ, ಕರಗುವ ಹೊತ್ತಿಗೂ ಬಣ್ಣ ಬಿಟ್ಟುಕೊಡುವುದಿಲ್ಲ. ಎಷ್ಟು ಕಾಯಿತೆಂದು ಕಣ್ಣಳತೆಯಲ್ಲಿ ಹೇಳಲು ಯಾವ ಮೇಸ್ತ್ರಿಗೂ ಆಗದು. ಯಮಹಾ, ಕವಾಸಾಕಿ ಕೈಪಿಡಿಗಳು ಪೆಟ್ಟು ತಿಂದ ಚಕ್ರವನ್ನು ರಿಪೇರಿ ಮಾಡಲೇಬೇಡಿ, ಬದಲಿಸಿ ಎನ್ನುವುದು ಸುಮ್ಮನೆ ಅಲ್ಲ.

ಹಾಗಾದರೆ ಉಳಿಯುವ ಕೆಲಸವೇನು? ಬೇಕಾದಷ್ಟಿದೆ. ಹಳೆಯ ಬಣ್ಣವನ್ನು ಅಲ್ಯೂಮಿನಿಯಂ ತಿನ್ನದಂಥ ರಾಸಾಯನಿಕದಿಂದ ತೆಗೆಯಿರಿ, ಕಾಸ್ಟಿಕ್ ಸೋಡಾ ಹತ್ತಿರ ತರಬೇಡಿ. ಮರಳು ಹೊಡೆಸುವ ಆತುರವೂ ಬೇಡ, ಅದರ ಪೆಟ್ಟಿಗೆ ಬಿರುಕಿನ ಬಾಯಿ ಮುಚ್ಚಿಹೋಗಬಹುದು. ಬರಿಮೈ ಚಕ್ರಕ್ಕೆ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿ. ಕೆಂಪು ದ್ರವ ಸಿಂಪಡಿಸಿ, ಇಂಗಲು ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ವೆಲ್ಡಿಂಗ್ ಕೆಲಸದವರಿಗೆ ಇದು ಹೊಸದಲ್ಲ, ದುಬಾರಿಯೂ ಅಲ್ಲ. ಪಾಸಾದ ಚಕ್ರಕ್ಕೆ ಹೊಸ ಬೇರಿಂಗು, ಹೊಸ ವಾಲ್ವು ಹಾಕಿ. ಪೌಡರ್ ಕೋಟಿಂಗ್ ಮಾಡಿಸುವಾಗ ಬೇರಿಂಗ್ ಕೂರುವ ಜಾಗವನ್ನೂ ಡಿಸ್ಕ್ ಕೂರುವ ಮುಖವನ್ನೂ ಮುಚ್ಚಿಸಿ. ಅಲ್ಲಿ ಬಣ್ಣ ಕೂತರೆ ಡಿಸ್ಕ್ ವಾರೆಯಾಗುತ್ತದೆ, ಬೋಲ್ಟಿನ ಬಿಗಿತವೂ ನಿಲ್ಲುವುದಿಲ್ಲ.

‘ಇಷ್ಟೆಲ್ಲ ಮಾಡಿಸಿದರೆ ಹೊಸದರ ಬೆಲೆಯೇ ಆಯಿತಲ್ಲ’ ಎನ್ನುವವರಿದ್ದಾರೆ. ಕೆಲವೊಮ್ಮೆ ಆ ಮಾತು ನಿಜ, ಆಗ ಹೊಸದನ್ನೇ ಕೊಳ್ಳಿ. ‘ನನ್ನ ಜೀವ, ನನ್ನ ಇಷ್ಟ’ ಎನ್ನುವವರೂ ಇದ್ದಾರೆ. ಇದನ್ನು ಮಾತ್ರ ಒಪ್ಪಲಾರೆ. ನಿಮ್ಮ ಚಕ್ರ ತಿರುವಿನಲ್ಲಿ ಒಡೆದರೆ ಹಿಂದೆ ಬರುತ್ತಿರುವವನು ನಿಮ್ಮ ಮೇಲೆಯೇ ಹತ್ತುತ್ತಾನೆ.

ನನ್ನನ್ನು ಹೆಚ್ಚು ಕಾಡುವುದು ಟ್ರ್ಯಾಕಿನ ಮಂದಿಯಲ್ಲ. ಅವರಿಗೆ ಹೆಲ್ಮೆಟ್ಟು, ಚರ್ಮದ ಸೂಟು, ಬಾಗಿಲಲ್ಲಿ ನಿಂತ ಆಂಬ್ಯುಲೆನ್ಸು ಇದೆ. ಅವರು ಬೇಡವೆಂದು ತೆಗೆದಿಟ್ಟ ಚಕ್ರ ಎಲ್ಲಿಗೆ ಹೋಗುತ್ತದೆ? ಗುಜರಿಗೆ ಮಾರಿದರೆ ಅದು ಅದೇ ಬೀದಿಗೆ ವಾಪಸು ಬಂದು, ಇನ್ನೊಂದು ಕೋಟು ಬಣ್ಣ ಬಳಿದುಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನ ಬೈಕಿಗೆ ಕೂರಬಹುದು. ಅವನ ಬಳಿ ಮೈಕ್ರೋಮೀಟರೂ ಇಲ್ಲ, ಕೆಂಪು ದ್ರವವೂ ಇಲ್ಲ. ಹಾಗಾಗಿ ಹಳೆಯದನ್ನು ಸರಿಮಾಡುವವರ ಕೆಲಸ ಒಳ್ಳೆಯದನ್ನು ಉಳಿಸುವಲ್ಲಿಗೆ ಮುಗಿಯುವುದಿಲ್ಲ. ಪರೀಕ್ಷೆಯಲ್ಲಿ ಸೋತ ಚಕ್ರವನ್ನು, ಮಿತಿಗಿಂತ ತೆಳುವಾದ ಪ್ಲೇಟನ್ನು ಗರಗಸದಿಂದ ಎರಡು ತುಂಡು ಮಾಡಿ, ಆಮೇಲೆ ತೂಕಕ್ಕೆ ಹಾಕಿ. ಕೈಗೆ ಬರುವ ದುಡ್ಡು ಕಡಿಮೆಯಾದೀತು, ಆದರೆ ಆ ಚಕ್ರ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುವುದಿಲ್ಲ.